ಮಂಟೇಸ್ವಾಮಿ

ಮಂಟೇಸ್ವಾಮಿಯವರು ದಕ್ಷಿಣ ಕರ್ನಾಟಕದ ಪ್ರಸಿದ್ಧ ಜನಪದ ಸಂತರು ಮತ್ತು ನೀಲಗಾರ ಪರಂಪರೆಯ ಮೂಲಪುರುಷರು. ಭಕ್ತರು ಅವರನ್ನು ಧರೆಗೆ ದೊಡ್ಡವರು ಎಂದು ಕರೆಯುತ್ತಾರೆ. ಅವರ ಗದ್ದುಗೆ ಮಂಡ್ಯ ಜಿಲ್ಲೆ ಮಳವಳ್ಳಿ ತಾಲೂಕಿನ ಬೊಪ್ಪೇಗೌಡನಪುರದಲ್ಲಿದೆ. ಅವರು ಸುಮಾರು 15–16ನೆಯ ಶತಮಾನಗಳಲ್ಲಿ ಇದ್ದಿರಬೇಕೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಅವರ ಜೀವನವನ್ನು ತಿಳಿಯಲು ಮುಖ್ಯ ಆಕರವೆಂದರೆ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯ. ಗಾಯಕರಿಂದ ಗಾಯಕರಿಗೆ ಅದರ ಪಾಠ ಬೇರೆಯಾಗುತ್ತದೆ. ಕೆಳಗಿನ ವಿವರಗಳು ಆ ಮೌಖಿಕ ಪರಂಪರೆಯನ್ನು ಅನುಸರಿಸಿವೆ.

ಕಲ್ಯಾಣದ ಪರೀಕ್ಷೆ

ಕಾವ್ಯದಲ್ಲಿ ಮಂಟೇಸ್ವಾಮಿಯವರು ಅಲ್ಲಮಪ್ರಭುವಿನ ಅವತಾರ. ಬಸವಣ್ಣನವರು 12ನೆಯ ಶತಮಾನದವರಾದುದರಿಂದ ಇಬ್ಬರ ಭೇಟಿಯನ್ನು ಇತಿಹಾಸವೆಂದು ಎಣಿಸಲಾಗದು. ಆದರೆ ಇಡೀ ಪರಂಪರೆಯ ತಿರುಳು ಇರುವುದು ಈ ಭೇಟಿಯ ಕಥೆಯಲ್ಲಿಯೇ. ಕಲ್ಯಾಣದಲ್ಲಿ ಸಾವಿರಾರು ಜಂಗಮರಿಗೆ ನಿತ್ಯ ದಾಸೋಹ ನಡೆಯುತ್ತಿರುತ್ತದೆ. ಆ ಸೇವೆ ನಿಜವೋ ತೋರಿಕೆಯೋ ಎಂದು ಪರೀಕ್ಷಿಸಲು ಮಂಟೇಸ್ವಾಮಿಯವರು ರೋಗಿಯ ರೂಪದಲ್ಲಿ ಬರುತ್ತಾರೆ. ಮೈತುಂಬ ಕೊಳೆತ ಹುಣ್ಣು, ಅದಕ್ಕೆ ಮುತ್ತಿದ ನೊಣ, ಹತ್ತಿರ ನಿಲ್ಲಲಾಗದ ದುರ್ನಾತ. ಬಾಗಿಲಲ್ಲಿದ್ದವರು ಅವರನ್ನು ಒಳಗೆ ಬಿಡದೆ ಹೊಡೆದು ಅಟ್ಟುತ್ತಾರೆ. ಅವರು ತಿಪ್ಪೆಯ ಮೇಲೆ ಬೀಳುತ್ತಾರೆ. ವಿಷಯ ತಿಳಿದ ಬಸವಣ್ಣನವರೂ ನೀಲಮ್ಮನವರೂ ಅಲ್ಲಿಗೆ ಬಂದು, ಹೇಸದೆ ಆ ಕೊಳೆತ ದೇಹವನ್ನು ಮುಟ್ಟಿ, ಹೊತ್ತು ಮನೆಗೆ ತರುತ್ತಾರೆ.

ಈ ಪ್ರಸಂಗವನ್ನು ಜಾತಿಯ ಅಸ್ಪೃಶ್ಯತೆಯ ವಿಮರ್ಶೆಯಾಗಿ ಓದುವುದು ರೂಢಿ. ಅದು ಸರಿಯೇ. ಆದರೆ ಕಥೆಯಲ್ಲಿ ಬಾಗಿಲು ಮುಚ್ಚಿದ್ದು ರೋಗಕ್ಕೂ ಹೌದೆಂಬುದನ್ನು ಮರೆಯಲಾಗದು. ಕುಷ್ಠರೋಗಿಯನ್ನು ಊರ ಹೊರಗಿಡುತ್ತಿದ್ದ ಸಮಾಜದಲ್ಲಿ, ದೇವರೇ ರೋಗಿಯಾಗಿ ಬಂದು ಊರಿನ ಬಾಗಿಲು ತಟ್ಟಿದನೆಂದು ಹಾಡುವುದು ಸಣ್ಣ ಮಾತಲ್ಲ. ಅನ್ನ ನೀಡುವವರು ಎಷ್ಟೇ ಇದ್ದರೂ ರೋಗಿಯನ್ನು ಎತ್ತಿಕೊಳ್ಳುವವರು ಇಬ್ಬರೇ ಸಿಗುತ್ತಾರೆ.

ಮದ್ದೂರು, ಮಳವಳ್ಳಿ ಸೀಮೆಯಲ್ಲಿ

ಕಲ್ಯಾಣವನ್ನು ಬಿಟ್ಟು ದಕ್ಷಿಣಕ್ಕೆ ಬಂದ ಮಂಟೇಸ್ವಾಮಿಯವರ ಜೊತೆ ರಾಚಪ್ಪಾಜಿ, ಚೆನ್ನಾಜಮ್ಮ ಮೊದಲಾದ ಶಿಷ್ಯರಿದ್ದರು. ಮದ್ದೂರು ತಾಲೂಕಿನ ನಿಡಘಟ್ಟದ ಕಮ್ಮಾರರ ಮನೆಯ ಮಗ ಕೆಂಪಾಚಾರಿಯನ್ನು ಅವರು ಶಿಷ್ಯನಾಗಿ ಬೇಡುತ್ತಾರೆ. ಹೆತ್ತವರು ಒಪ್ಪುವುದಿಲ್ಲ, ಬಹಳ ಸಂಕಟಗಳ ಬಳಿಕ ಆ ಮಗನೇ ಘನನೀಲಿ ಸಿದ್ದಪ್ಪಾಜಿಯಾಗುತ್ತಾನೆ. ಗುರುವಿಗಾಗಿ ಕಬ್ಬಿಣದ ಭಿಕ್ಷೆ ಬೇಡಲು ಸಿದ್ದಪ್ಪಾಜಿ ಮಳವಳ್ಳಿ ತಾಲೂಕಿನ ಹಲಗೂರಿಗೆ ಹೋದಾಗ, ಅಲ್ಲಿನ ಪಾಂಚಾಳರು ವಿಷವಿಟ್ಟು ಪರೀಕ್ಷಿಸುತ್ತಾರೆ. ಅವನನ್ನು ನೋಯಿಸಿದವರು ಅವನದೇ ಕುಲಕಸುಬಿನವರು ಎಂಬುದು ಗಮನಾರ್ಹ. ಕೊನೆಗೆ ಅವರು ಸೋತು ಕಬ್ಬಿಣ ಕೊಡುತ್ತಾರೆ. ಮಂಟೇಸ್ವಾಮಿಯವರು ಬೊಪ್ಪೇಗೌಡನಪುರದಲ್ಲಿ ಐಕ್ಯರಾದರೆಂದು ನಂಬಿಕೆ. ಸಿದ್ದಪ್ಪಾಜಿಯ ಗದ್ದುಗೆ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿಯೂ ರಾಚಪ್ಪಾಜಿಯದು ಕಾವೇರಿ ದಡದ ಕಪ್ಪಡಿಯಲ್ಲಿಯೂ ಇವೆ.

ಒಕ್ಕಲು ಮತ್ತು ನೀಲಗಾರರು

ಈ ಪರಂಪರೆಯನ್ನು ನಡೆಸಿಕೊಂಡು ಬರುವ ಕುಟುಂಬಗಳನ್ನು ಒಕ್ಕಲು ಎನ್ನುತ್ತಾರೆ. ಮಕ್ಕಳಾಗದಿದ್ದಾಗ, ಹುಟ್ಟಿದ ಮಗು ಕಾಯಿಲೆ ಬಿದ್ದಾಗ ಮನೆಯವರು ಹರಕೆ ಹೊರುತ್ತಾರೆ; ಹರಕೆಯಂತೆ ಒಬ್ಬ ಮಗನಿಗೆ ನೀಲಗಾರ ದೀಕ್ಷೆ ಕೊಡಿಸುವುದುಂಟು. ನೀಲಗಾರರಲ್ಲಿ ದಲಿತರು ಹೆಚ್ಚು. ಇತರ ಕುಲದವರೂ ಇದ್ದಾರೆ, ಏಕೆಂದರೆ ಅದು ಹುಟ್ಟಿನಿಂದಲ್ಲ, ದೀಕ್ಷೆಯಿಂದ ಬರುವ ಸ್ಥಾನ. ಬೊಪ್ಪೇಗೌಡನಪುರದ ಕಪ್ಪುಧೂಳ್ತವನ್ನು ರೋಗಿಗಳ ಹಣೆಗೆ ಹಚ್ಚುತ್ತಾರೆ. ಅದರ ಗುಣದ ಮಾತು ಭಕ್ತಿಗೆ ಸೇರಿದ್ದು. ಅದಕ್ಕಿಂತ ಕಣ್ಣಿಗೆ ಕಾಣುವ ಸಂಗತಿ ಬೇರೆ: ಹರಕೆ ತೀರಿಸುವ ಮನೆಗೆ ನೀಲಗಾರರು ಬಂದು ತಂಬೂರಿ, ಡಕ್ಕೆ, ಗಗ್ಗರ, ತಾಳಗಳೊಂದಿಗೆ ರಾತ್ರಿಯಿಡೀ ಕಥೆ ಮಾಡುತ್ತಾರೆ, ನೆಂಟರೂ ನೆರೆಹೊರೆಯವರೂ ಬಂದು ಕುಳಿತು ಕೇಳುತ್ತಾರೆ, ಊಟ ಮಾಡುತ್ತಾರೆ. ಸಾವಿನ ಮನೆಯ ತಿಥಿಗೂ ಕಥೆ ಮಾಡಿಸುವ ವಾಡಿಕೆಯಿದೆ. ದುಃಖದ ಮನೆ ಆ ರಾತ್ರಿ ಒಂಟಿಯಾಗಿರುವುದಿಲ್ಲ.

ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಯಂದು ಚಂದ್ರಮಂಡಲೋತ್ಸವದೊಂದಿಗೆ ಐದು ದಿನಗಳ ಜಾತ್ರೆ ಆರಂಭವಾಗುತ್ತದೆ. ನಾಲ್ಕನೆಯ ದಿನದ ಪಂಕ್ತಿಸೇವೆಯಲ್ಲಿ ಒಕ್ಕಲಿನವರು ಬಿಡಾರಗಳಲ್ಲಿ ಅಡುಗೆ ಮಾಡಿ, ಜಾತಿ ಕೇಳದೆ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಆ ಊಟದಲ್ಲಿ ಮಾಂಸಾಹಾರವೂ ಇರುವುದರಿಂದ, ಪ್ರಾಣಿಬಲಿ ನಿಷೇಧಿಸುವ 1959ರ ಕಾಯ್ದೆಯ ಹೆಸರಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ತಡೆ ಬಂದಿದೆ. ಇದು ಬಲಿಯಲ್ಲ, ಸಹಭೋಜನ ಎಂಬುದು ಭಕ್ತರ ವಾದ.

ಮಂಟೇಸ್ವಾಮಿ ಕಾವ್ಯವನ್ನು ಜಾನಪದ ವಿದ್ವಾಂಸರು ಸಂಗ್ರಹಿಸಿ ಪ್ರಕಟಿಸಿದ್ದಾರೆ. ಎಚ್. ಎಸ್. ಶಿವಪ್ರಕಾಶ್ ಅವರ ಮಂಟೇಸ್ವಾಮಿ ಕಥಾಪ್ರಸಂಗ ನಾಟಕ ಇದನ್ನೇ ಆಧರಿಸಿದೆ.