ಫೋರಿಯರ್, ಮಾಳಿಗೆ ಮನೆ ಮತ್ತು ಆರ್ ವ್ಯಾಲ್ಯೂ

ಫೋರಿಯರ್ ಅಂದ ಕೂಡಲೇ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗೋದು ಮ್ಯಾಥ್ಸ್ ಪೇಪರ್. ಎ-ನಾಟ್, ಎ-ಎನ್, ಬಿ-ಎನ್ ಅಂತ ಪುಟಗಟ್ಟಲೆ ಇಂಟಿಗ್ರೇಷನ್. ಎಲೆಕ್ಟ್ರಾನಿಕ್ಸ್ ಗೆಳೆಯರು ಆ ಸರಣಿ ಸಿಗ್ನಲ್‌ಗಾಗಿಯೇ ಹುಟ್ಟಿದ್ದು ಅಂತ ವಾದ ಮಾಡ್ತಾರೆ. ಆದ್ರೆ ಅದು ಹುಟ್ಟಿದ್ದು ಕಾದ ವಸ್ತುವಿನೊಳಗೆ ಶಾಖ ಹೇಗೆ ಹರಿಯುತ್ತೆ ಅನ್ನೋ ಪ್ರಶ್ನೆಯಿಂದ. ನಾವು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರು. ಬ್ಯಾಸಿಗೆಯಲ್ಲಿ 40 ಡಿಗ್ರಿ ದಾಟೋ ಊರುಗಳು. ಹಾಗಾಗಿ ಈ ಮನುಷ್ಯನ ಮೇಲೆ ನಮಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಹಕ್ಕಿದೆ ಅಂದುಕೊಂಡಿದ್ದೇವೆ.

ಜೋಸೆಫ್ ಫೋರಿಯರ್ ಹುಟ್ಟಿದ್ದು 1768ರ ಮಾರ್ಚ್ 21ರಂದು, ಫ್ರಾನ್ಸಿನ ಓಸೇರ್ ಎಂಬ ಊರಲ್ಲಿ. ಅಪ್ಪ ದರ್ಜಿ. ಹತ್ತು ವರ್ಷ ತುಂಬೋದರೊಳಗೆ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಊರಿನಲ್ಲಿ ಪಾದ್ರಿಗಳು ನಡೆಸುತ್ತಿದ್ದ ಸೈನಿಕ ಶಾಲೆಯಲ್ಲಿ ಓದಿದ, ಅಲ್ಲೇ ಗಣಿತದ ಹುಚ್ಚು ಹಿಡಿಯಿತು. ಸೈನ್ಯ ಸೇರೋಣ ಅಂದ್ರೆ ಹುಟ್ಟಿದ ಮನೆತನ ಅಡ್ಡ ಬಂತು, ದರ್ಜಿ ಮಗನಿಗೆ ಆ ಬಾಗಿಲು ತೆರೆಯಲಿಲ್ಲ. ಸನ್ಯಾಸಿ ಆಗೋಣ ಅಂತ ಮಠ ಸೇರಿದ. ಅದೂ ಒಗ್ಗದೆ 1789ರಲ್ಲಿ ಹೊರಬಂದ. ಅದೇ ವರ್ಷ ಫ್ರೆಂಚ್ ಕ್ರಾಂತಿ ಶುರು. ಇವನೂ ಊರಿನ ಕ್ರಾಂತಿ ಸಮಿತಿಗೆ ಸೇರಿದ, 1794ರಲ್ಲಿ ಜೈಲಿಗೂ ಹೋದ. ರೋಬೆಸ್ಪಿಯರ್ ತಲೆ ಉರುಳಿದ ಮೇಲೆ ಇವನ ತಲೆ ಉಳಿಯಿತು.

ಮುಂದಿನದು ಬೇಗ ಬೇಗ ನಡೆಯಿತು. 1795ರಲ್ಲಿ ಪ್ಯಾರಿಸ್‌ನಲ್ಲಿ ಲಗ್ರಾಂಜ್, ಲಾಪ್ಲಾಸ್, ಮೋಂಜ್ ಮುಂದೆ ವಿದ್ಯಾರ್ಥಿಯಾಗಿ ಕೂತ. ಎಂಥಾ ಫ್ಯಾಕಲ್ಟಿ ನೋಡಿ! 1797ಕ್ಕೆ ಲಗ್ರಾಂಜ್ ಬಿಟ್ಟ ಪೀಠವೇ ಇವನಿಗೆ ಸಿಕ್ಕಿತು. 1798ರಲ್ಲಿ ನೆಪೋಲಿಯನ್ ಇವನನ್ನು ಈಜಿಪ್ಟ್‌ಗೆ ಕರೆದುಕೊಂಡು ಹೋದ. ಕೈರೋದಲ್ಲಿ ಹೊಸದಾಗಿ ಕಟ್ಟಿದ ವಿಜ್ಞಾನ ಸಂಸ್ಥೆಗೆ ಇವನೇ ಕಾರ್ಯದರ್ಶಿ. ಮರುಭೂಮಿಯ ಬಿಸಿಲು ಇವನಿಗೆ ಎಷ್ಟು ಹಿಡಿಸಿತು ಅಂದ್ರೆ, ಶಾಖ ಮೈಗೆ ಒಳ್ಳೇದು ಅನ್ನೋ ನಂಬಿಕೆ ಸಾಯೋ ತನಕ ಹೋಗಲಿಲ್ಲ. ಫ್ರಾನ್ಸಿಗೆ ಬಂದ ಮೇಲೂ ಕೋಣೆ ಬಿಸಿಯಾಗಿಟ್ಟುಕೊಂಡು, ಮೈತುಂಬ ಬಟ್ಟೆ ಹೊದ್ದು ಕೂರುತ್ತಿದ್ದನಂತೆ. ನಮ್ಮ ಮೇ ತಿಂಗಳಲ್ಲಿ ಬನಹಟ್ಟಿಗೆ ಬಂದಿದ್ದರೆ ಪಾಪ, ಖುಷಿಯಾಗಿರುತ್ತಿದ್ದ.

1802ರಲ್ಲಿ ನೆಪೋಲಿಯನ್ ಇವನನ್ನು ಗ್ರೆನೋಬಲ್‌ಗೆ ಆಡಳಿತಗಾರನಾಗಿ ಕಳಿಸಿದ, ನಮ್ಮ ಲೆಕ್ಕದಲ್ಲಿ ಡಿಸಿ ಇದ್ದ ಹಾಗೆ. ಕೆಲಸಾನೂ ಹಾಗೇ: ಜೌಗು ನೆಲ ಬಸಿದು ಒಣಗಿಸೋದು, ಇಟಲಿಯ ಟೂರಿನ್ ಕಡೆಗೆ ರಸ್ತೆ ಮಾಡಿಸೋದು. ಇದರ ನಡುವೆ ಇವನು ಪ್ರಯೋಗ ಮಾಡ್ತಿದ್ದ. ದೊಡ್ಡ ಕಬ್ಬಿಣದ ಬಳೆಯನ್ನು ಕಾಯಿಸಿ, ಸುತ್ತಲೂ ಥರ್ಮಾಮೀಟರ್ ಇಟ್ಟು, ಬಿಸಿ ಹೇಗೆ ಹಂಚಿಹೋಗುತ್ತೆ ಅಂತ ಅಳೆಯೋದು. ಹಗಲು ಫೈಲು, ಬಿಡುವಲ್ಲಿ ಶಾಖ.

1807ರ ಡಿಸೆಂಬರ್‌ನಲ್ಲಿ ಇದನ್ನೆಲ್ಲ ಬರೆದು ಪ್ಯಾರಿಸ್‌ಗೆ ಒಪ್ಪಿಸಿದ. ಪರೀಕ್ಷಕರು ಬೇರೆ ಯಾರೂ ಅಲ್ಲ, ಹಳೇ ಗುರುಗಳೇ. ಯಾವುದೇ ವಕ್ರರೇಖೆಯನ್ನು ಸೈನ್-ಕೊಸೈನ್‌ಗಳ ಮೊತ್ತವಾಗಿ ಬರೀಬಹುದು ಅನ್ನೋದನ್ನ ಲಗ್ರಾಂಜ್ ಒಪ್ಪಲೇ ಇಲ್ಲ. ಲೇಖನ ಅಚ್ಚಾಗಲಿಲ್ಲ. ಅಕಾಡೆಮಿ ಇದೇ ವಿಷಯಕ್ಕೆ ಸ್ಪರ್ಧೆ ಇಟ್ಟಾಗ ತಿದ್ದಿ ಮತ್ತೆ ಕಳಿಸಿದ, 1812ರಲ್ಲಿ ಬಹುಮಾನವೂ ಬಂತು, ಆದ್ರೆ ಗಣಿತದಲ್ಲಿ ಬಿಗಿ ಸಾಲದು ಅನ್ನೋ ಟೀಕೆಯ ಜೊತೆಗೆ. ಆಗಲೂ ಅಚ್ಚಾಗಲಿಲ್ಲ. ಕೊನೆಗೆ ಪುಸ್ತಕ ಹೊರಬಂದದ್ದು 1822ರಲ್ಲಿ. ಹದಿನೈದು ವರ್ಷ! ಅಷ್ಟರಲ್ಲಿ ಲಗ್ರಾಂಜ್ ತೀರಿಕೊಂಡು ಒಂಬತ್ತು ವರ್ಷ ಆಗಿತ್ತು.

ಆ ಪುಸ್ತಕದಲ್ಲಿ ಇರೋ ಮೂಲ ಮಾತು ಬಹಳ ಸರಳ. ಗೋಡೆಯ ಎರಡು ಬದಿಯ ತಾಪಮಾನದ ವ್ಯತ್ಯಾಸ ಹೆಚ್ಚಾದರೆ ಶಾಖ ಹೆಚ್ಚು ಹರಿಯುತ್ತೆ, ದಪ್ಪ ಹೆಚ್ಚಾದರೆ ಕಡಿಮೆ. ಉಳಿದದ್ದು ಆ ವಸ್ತುವಿನ ವಾಹಕತೆ, ಅದೇ ನಮ್ಮ 'ಕೆ'. ಮೀಟರ್‌ನಲ್ಲಿ ಅಳೆದ ದಪ್ಪವನ್ನು ಕೆಯಿಂದ ಭಾಗಿಸಿ, ಅದೇ ಉಷ್ಣರೋಧ, ಅಂಗಡಿಯವರು ಹೇಳೋ ಆರ್ ವ್ಯಾಲ್ಯೂ. ಓಮ್ ತನ್ನ ನಿಯಮ ಬರೆದದ್ದು 1827ರಲ್ಲಿ, ಫೋರಿಯರ್‌ನ ದಾರಿ ನೋಡಿಕೊಂಡೇ. ಸರ್ಕ್ಯೂಟಲ್ಲಿ ಸೀರೀಸ್ ರೆಸಿಸ್ಟರ್ ಕೂಡಿಸೋ ಹಾಗೆಯೇ ಛಾವಣಿಯ ಪದರಗಳ ಆರ್ ಕೂಡಿಸಬಹುದು.

ಇದು ನಮಗ್ಯಾಕೆ ಬೇಕು ಅಂದ್ರೆ, ನಮ್ಮ ಕಡೆ ಛಾವಣಿ ಬದಲಾಗಿದೆ. ಮೊದಲು ಮಾಳಿಗೆ ಮನೆ: ತೊಲೆ, ಜಂತಿ, ಅದರ ಮೇಲೆ ಅಡಿಯಷ್ಟು ಮಣ್ಣು. ಆಲಮಟ್ಟಿ ಹಿನ್ನೀರಲ್ಲಿ ಬೀಳಗಿ ತಾಲೂಕಿನ ಎಷ್ಟೋ ಹಳ್ಳಿಗಳ ಇಂಥ ಮನೆ ಮುಳುಗಿದವು. ಉಳಿದ ಕಡೆ ಜನರೇ ಕೆಡವಿ ಆರ್‌ಸಿಸಿ ಹಾಕಿದರು. ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮ್ ತಗಡಿನ ಶೆಡ್ಡಿನಲ್ಲಿದ್ದರೆ ಮಧ್ಯಾಹ್ನದ ಝಳ ಹೇಳೋ ಹಾಗಿಲ್ಲ. ತಗಡಿನ ಆರ್ ಹೆಚ್ಚುಕಡಿಮೆ ಸೊನ್ನೆ.

ಲೆಕ್ಕ ಹಾಕೋಣ. 12 ಸೆಂ.ಮೀ. ಸ್ಲ್ಯಾಬ್, ಕೆ ಸುಮಾರು 1.58, ಆರ್ ಬರೀ 0.08. ಮೇಲೆ-ಕೆಳಗಿನ ಗಾಳಿಯ ಪದರಕ್ಕೆ 0.2 ಸೇರಿಸಿ (ಮೇಲ್ಮೈ ಬೇರೆ, ಒಳಗಿನ ವಾಹಕತೆ ಬೇರೆ ಅಂತ ಬಿಡಿಸಿ ತೋರಿಸಿದವನೂ ಫೋರಿಯರೇ), ಒಟ್ಟು 0.28. ನಮ್ಮ ದೇಶದ 2018ರ ಇಕೋ ನಿವಾಸ ಸಂಹಿತೆ ಛಾವಣಿಗೆ ಕೇಳೋದು ಯು ಮೌಲ್ಯ 1.2 ಮೀರಬಾರದು ಅಂತ, ಅಂದ್ರೆ ಒಟ್ಟು ಆರ್ ಕನಿಷ್ಠ 0.83. ಆ ನಿಯಮ ದೊಡ್ಡ ಪ್ಲಾಟ್‌ಗಳಿಗೆ, ಆದರೂ ನಮ್ಮ ಮನೆಗೆ ಗುರಿಯಾಗಿ ಇಟ್ಟುಕೊಳ್ಳೋಕೆ ಏನು ಅಡ್ಡಿ? 2 ಸೆಂ.ಮೀ. ಥರ್ಮಾಕೋಲ್, ಕೆ 0.035, ಆರ್ 0.57. ಅಷ್ಟಕ್ಕೇ ಗುರಿ ಮುಟ್ಟಿತು, ಒಳಗೆ ಬರೋ ಶಾಖ ಮೂರನೇ ಒಂದು ಪಾಲಿಗೆ ಇಳೀತು. 5 ಸೆಂ.ಮೀ. ಹಾಕಿದರೆ ಆರನೇ ಒಂದು. 10 ಹಾಕಿದರೆ ಹನ್ನೊಂದನೇ ಒಂದು. ಮೊದಲ ಎರಡು ಸೆಂಟಿಮೀಟರ್ ಕೊಟ್ಟ ಲಾಭವನ್ನ ಕೊನೆಯ ಐದು ಕೊಡಲ್ಲ. ದುಡ್ಡು ಕೊಡುವಾಗ ಇದು ತಲೆಯಲ್ಲಿರಲಿ.

ಮೋಸ ಹೋಗೋ ಜಾಗ ಯೂನಿಟ್ಟು. ಅಮೆರಿಕದ ಆರ್ ಅಡಿ-ಫ್ಯಾರನ್‌ಹೀಟ್ ಲೆಕ್ಕದ್ದು, ನಮ್ಮ ಮೀಟರ್ ಲೆಕ್ಕಕ್ಕೆ ತರಬೇಕಾದರೆ 5.68ರಿಂದ ಭಾಗಿಸಬೇಕು. ಪ್ಯಾಕೆಟ್ ಮೇಲೆ ಆರ್-13 ಅಂತಿದ್ದರೆ ಅದು ನಮ್ಮ 2.3. ಬಿಳಿ ಕೂಲ್-ರೂಫ್ ಪೇಂಟಿಗೆ ಯಾರಾದರೂ ದೊಡ್ಡ ಆರ್ ಹೇಳಿದರೆ ನಂಬಬೇಡಿ. ಅದು ಬಿಸಿಲನ್ನು ವಾಪಸ್ ಎಸೆಯುತ್ತೆ, ಅದು ಒಳ್ಳೇದೇ, ಆದ್ರೆ ಕೂದಲೆಳೆ ದಪ್ಪದ ಬಣ್ಣಕ್ಕೆ ಆರ್ ಎಲ್ಲಿಂದ ಬರಬೇಕು? ಇನ್ನೊಂದು, ನೀರು ಕುಡಿದ ಇನ್ಸುಲೇಷನ್ ತನ್ನ ಆರ್ ಕಳಕೊಳ್ಳುತ್ತೆ. ಹಾಗಾಗಿ ಸ್ಲ್ಯಾಬ್ ಮೇಲೆ ಹಾಕಿದರೆ ವಾಟರ್‌ಪ್ರೂಫಿಂಗ್ ಬಿಡೋ ಹಾಗಿಲ್ಲ.

ಈಗ ತಲೆಕೆಡಿಸೋ ಪ್ರಶ್ನೆ. 30 ಸೆಂ.ಮೀ. ಮಣ್ಣಿನ ಆರ್ ಸುಮಾರು 0.4, ಒಂದೂವರೆ ಸೆಂಟಿಮೀಟರ್ ಥರ್ಮಾಕೋಲ್‌ಗೆ ಸಮ. ಮತ್ತೆ ಅಜ್ಜಿ ಮನೆ ಮಾಳಿಗೆ ಮಧ್ಯಾಹ್ನ ಅಷ್ಟು ತಂಪು ಹೇಗೆ?

ಇದಕ್ಕೂ ಉತ್ತರ ಫೋರಿಯರ್ ಹತ್ತಿರ ಇದೆ. ಭೂಮಿಯ ಮೇಲೆ ಬಿಸಿಲು-ಚಳಿ ತಿರುಗಿ ತಿರುಗಿ ಬಂದಾಗ ನೆಲದೊಳಗೆ ಏನಾಗುತ್ತೆ ಅಂತ ಅವನು ತನ್ನ ಸೈನ್ ಅಲೆಗಳಿಂದಲೇ ಲೆಕ್ಕ ಹಾಕಿದ. ಆಳಕ್ಕೆ ಇಳಿದಂತೆ ಅಲೆ ಸಣ್ಣದಾಗುತ್ತೆ, ತಡವಾಗಿಯೂ ತಲುಪುತ್ತೆ. ಅದೇ ಸೂತ್ರಕ್ಕೆ ನಮ್ಮ ಮಾಳಿಗೆಯ ಅಂಕಿ ಹಾಕಿದೆವು. ಒಂದಡಿ ಮಣ್ಣು ದಾಟೋಕೆ ಬಿಸಿಲಿನ ಏರಿಳಿತಕ್ಕೆ ಸುಮಾರು ಒಂಬತ್ತು ತಾಸು ಬೇಕು, ದಾಟುವಾಗ ಹತ್ತನೇ ಒಂದು ಪಾಲೂ ಉಳಿಯಲ್ಲ. 12 ಸೆಂ.ಮೀ. ಕಾಂಕ್ರೀಟ್ ಮೂರೇ ತಾಸಿಗೆ ಅರ್ಧದ ಹತ್ತಿರ ಏರಿಳಿತವನ್ನ ಒಳಗೆ ಬಿಟ್ಟುಬಿಡುತ್ತೆ, ಸಂಜೆ ಐದಕ್ಕೆ ಫ್ಯಾನ್ ಬಿಸಿಗಾಳಿ ಸುರಿಯೋದು ಅದಕ್ಕೇ. ಇದು ಒರಟು ಲೆಕ್ಕ, ಆದ್ರೆ ದಿಕ್ಕು ಸರಿ. ಆರ್ ಅನ್ನೋದು ಎರಡೂ ಬದಿ ತಾಪಮಾನ ಬದಲಾಗದೆ ನಿಂತಾಗಿನ ಸಂಖ್ಯೆ. ಹಗಲು-ರಾತ್ರಿ ಬದಲಾಗೋ ಮನೆಗೆ ತೂಕವೂ ಬೇಕು. ಅದಕ್ಕೇ ಇನ್ಸುಲೇಷನ್ ಸ್ಲ್ಯಾಬಿನ ಕೆಳಗಿಗಿಂತ ಮೇಲೆ ಹಾಕೋದು ಒಳ್ಳೇದು: ಬಿಸಿಲು ಹೊರಗೇ ನಿಲ್ಲುತ್ತೆ, ಕಾಂಕ್ರೀಟಿನ ತೂಕ ಒಳಗಿನ ತಂಪನ್ನ ಹಿಡಿದಿಟ್ಟುಕೊಳ್ಳುತ್ತೆ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೈಮಗ್ಗ ನೇಯೋ ಬನಹಟ್ಟಿ ಹಿರಿಯರ ಕಾಲಿಗೆ ನೆಲದ ಈ ತಂಪು ಮೊದಲೇ ಗೊತ್ತಿತ್ತು.

ಪುಸ್ತಕ ಬಂದ ವರ್ಷವೇ ಫೋರಿಯರ್ ವಿಜ್ಞಾನ ಅಕಾಡೆಮಿಯ ಕಾಯಂ ಕಾರ್ಯದರ್ಶಿಯಾದ. ತನ್ನ ಲೇಖನ ಹದಿನೈದು ವರ್ಷ ಬಿದ್ದಿದ್ದ ಜಾಗಕ್ಕೆ ಈಗ ಅವನೇ ಅಧಿಕಾರಿ. 1824ರಲ್ಲಿ ಇನ್ನೂ ದೊಡ್ಡ ಮನೆಯ ಲೆಕ್ಕಕ್ಕೆ ಕೈ ಹಾಕಿದ: ಭೂಮಿಯ ವಾತಾವರಣ ಶಾಖ ಹೊರಹೋಗದಂತೆ ಹೇಗೆ ತಡೆಯುತ್ತೆ ಅನ್ನೋದು. ಕೊನೆಯ ವರ್ಷಗಳಲ್ಲಿ ಎದೆಯ ಕಾಯಿಲೆ. ಆದರೂ ಬಿಸಿ ಕೋಣೆ, ಹೊದಿಕೆ ಬಿಡಲಿಲ್ಲ. 1830ರ ಮೇ 16ರಂದು ತೀರಿಕೊಂಡ. ಪ್ಯಾರಿಸ್‌ನ ಪೇರ್ ಲಾಶೇಸ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ, ಅದರ ಮೇಲೆ ಈಜಿಪ್ಟಿನ ಕೆತ್ತನೆ.