ಹೈದರಾಲಿ: ಒಬ್ಬ ಸೈನಿಕನ ಮನೆತನದ ಮೂಲ ಹಾಗೂ ಜೀವನ ಸಂಗತಿಗಳು

(ಸಾರ್ವಜನಿಕರ ಮಾಹಿತಿಗಾಗಿ)

ವಂಶವೃಕ್ಷ ದೃಢೀಕರಣಕ್ಕಾಗಿ ಅಥವಾ ಹಳೆಯ ದಾಖಲೆಗಳ ನಕಲಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಹಲವರು ತಮ್ಮ ಪೂರ್ವಜರು ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದರೆಂದು ತಿಳಿಸುತ್ತಾರೆ. ಆದರೆ ಆ ಪೂರ್ವಜರ ತಂದೆ-ತಾಯಿ ಯಾರು, ಅವರು ಯಾವ ಊರಿನಿಂದ ಬಂದವರು ಎಂಬ ಪ್ರಶ್ನೆಗೆ ಉತ್ತರ ದೊರೆಯದೆ ಕಷ್ಟಪಡುತ್ತಾರೆ. ಮೈಸೂರು ಸಂಸ್ಥಾನದ ಅಧಿಕಾರವನ್ನೇ ಕೈಯಲ್ಲಿ ಹಿಡಿದಿದ್ದ ಹೈದರಾಲಿಯ ವಿಷಯದಲ್ಲಿಯೂ ಈ ತೊಡಕು ಇದ್ದಿತು. ಆತನ ಜೀವನ ಸಂಗತಿಗಳನ್ನೂ, ಮನೆತನದ ಬಗ್ಗೆ ಲಭ್ಯವಿರುವ ವೃತ್ತಾಂತಗಳನ್ನೂ ಇಲ್ಲಿ ಸಂಗ್ರಹವಾಗಿ ನೀಡಲಾಗಿದೆ.

ಜನನ

ಹೈದರಾಲಿಯು ಜನಿಸಿದ್ದು ಇಂದಿನ ಕೋಲಾರ ಜಿಲ್ಲೆ, ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಜನನದ ವರ್ಷದ ಬಗ್ಗೆ ಏಕಾಭಿಪ್ರಾಯವಿಲ್ಲ. ವಿವಿಧ ಗ್ರಂಥಗಳಲ್ಲಿ 1717 ರಿಂದ 1722 ರವರೆಗೆ ಬೇರೆ ಬೇರೆ ವರ್ಷಗಳು ಕಂಡುಬರುತ್ತವೆ. ತಂದೆಯು ಮರಣ ಹೊಂದಿದಾಗ ಬಾಲಕನಿಗೆ ಆರೇಳು ವರ್ಷ ಎಂಬಂತಹ ಅಂದಾಜಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಜನನದ ವರ್ಷವನ್ನು ಗೊತ್ತುಪಡಿಸಬೇಕಾಗಿರುವುದೇ ಈ ವ್ಯತ್ಯಾಸಕ್ಕೆ ಒಂದು ಕಾರಣವಾಗಿದೆ.

ಪೂರ್ವಜರ ಬಗ್ಗೆ ಭಿನ್ನ ವೃತ್ತಾಂತಗಳು

ಹೈದರಾಲಿಯ ಪೂರ್ವಜರ ವಿವರಗಳು ಮುಖ್ಯವಾಗಿ ಎರಡು ಗ್ರಂಥಗಳಲ್ಲಿ ದೊರೆಯುತ್ತವೆ. ಮೊದಲನೆಯದು ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿಯು ಪಾರ್ಸಿ ಭಾಷೆಯಲ್ಲಿ ಬರೆದು 1802 ರಲ್ಲಿ ಮುಗಿಸಿದ ನಿಶಾನ್-ಎ-ಹೈದರಿ. ಎರಡನೆಯದು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದು, 1810 ರಿಂದ 1817 ರ ಅವಧಿಯಲ್ಲಿ ಲಂಡನ್ನಿನಲ್ಲಿ ಮುದ್ರಣಗೊಂಡ ದಕ್ಷಿಣ ಭಾರತದ ಇತಿಹಾಸ. ಎರಡೂ ರಚನೆಯಾದದ್ದು ಹೈದರಾಲಿ ಹಾಗೂ ಟಿಪ್ಪು ಸುಲ್ತಾನ್ ಇಬ್ಬರೂ ಗತಿಸಿದ ನಂತರ ಎಂಬುದು ಗಮನಾರ್ಹ.

ವಿಲ್ಕ್ಸ್ ನೀಡಿರುವ ವೃತ್ತಾಂತದಂತೆ, ಮನೆತನದ ಮೂಲಪುರುಷ ಮಹಮ್ಮದ್ ಬಹಲೋಲ್ ಎಂಬಾತನು ಪಂಜಾಬಿನಿಂದ ಬಂದು ಇಂದಿನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ನೆಲೆಸಿದನು. ಆತನ ಮಕ್ಕಳಾದ ಮಹಮ್ಮದ್ ಅಲಿ ಮತ್ತು ಮಹಮ್ಮದ್ ವಲಿ ಇಬ್ಬರೂ ಶಿರಾಕ್ಕೆ ಬಂದು ಸುಂಕದ ಕಟ್ಟೆಯ ಕೆಲಸಕ್ಕೆ ಸೇರಿ, ಮುಂದೆ ಕೋಲಾರಕ್ಕೆ ಬಂದರು. ಮಹಮ್ಮದ್ ಅಲಿಯು ಅಲ್ಲಿಯೇ ತೀರಿಕೊಂಡನು. ಆಗ ತಮ್ಮನಾದ ವಲಿಯು ಆಸ್ತಿಯನ್ನು ತಾನೇ ಇಟ್ಟುಕೊಂಡು, ಅಣ್ಣನ ವಿಧವೆಯನ್ನೂ ಮಗ ಫತೇ ಮಹಮ್ಮದನನ್ನೂ ಮನೆಯಿಂದ ಹೊರಹಾಕಿದನು. ಕೋಲಾರದ ಕಾಲಾಳುಗಳ ನಾಯಕನೊಬ್ಬನು ತಾಯಿ-ಮಗನಿಗೆ ಆಶ್ರಯ ನೀಡಿ, ಬಾಲಕನನ್ನು ಸಾಕಿ ಬೆಳೆಸಿದನು. ಈ ಫತೇ ಮಹಮ್ಮದನೇ ಹೈದರಾಲಿಯ ತಂದೆ.

ಕಿರ್ಮಾನಿಯ ವೃತ್ತಾಂತ ಇದಕ್ಕಿಂತ ಭಿನ್ನವಾಗಿದೆ. ಅದರ ಪ್ರಕಾರ ಮೂಲಪುರುಷನ ಹೆಸರು ವಲಿ ಮಹಮ್ಮದ್. ಆತನು ದೆಹಲಿಯ ಕಡೆಯಿಂದ ಗುಲ್ಬರ್ಗಕ್ಕೆ ಬಂದು ಬಂದೇನವಾಜ್ ದರ್ಗಾದ ಆಶ್ರಯದಲ್ಲಿ ನೆಲೆಸಿದನು. ಆತನ ಮಗನು ಬಿಜಾಪುರಕ್ಕೂ, ಅನಂತರ ಕೋಲಾರಕ್ಕೂ ಬಂದನು. ಆತನ ನಾಲ್ವರು ಗಂಡುಮಕ್ಕಳಲ್ಲಿ ಫತೇ ಮಹಮ್ಮದನೂ ಒಬ್ಬ.

ಹೀಗೆ ಒಂದು ಗ್ರಂಥದಲ್ಲಿ ಫತೇ ಮಹಮ್ಮದನ ಚಿಕ್ಕಪ್ಪನಾಗಿರುವ ವಲಿಯು ಮತ್ತೊಂದು ಗ್ರಂಥದಲ್ಲಿ ಆತನ ತಾತನಾಗಿದ್ದಾನೆ. ಆಸ್ತಿ ಕಸಿದುಕೊಂಡವನ ಹೆಸರೂ ವಂಶದ ಮೂಲಪುರುಷನ ಹೆಸರೂ ಒಂದೇ ಆಗಿಬಿಟ್ಟಿದೆ. ಇವೆರಡೂ ಅಲ್ಲದೆ, ಹೈದರಾಲಿಯು ತಾನು ಅರಬರ ಖುರೈಷ್ ಕುಲಕ್ಕೆ ಸೇರಿದವನೆಂದು ಹೇಳಿಕೊಂಡಿದ್ದನೆಂಬುದಾಗಿ ಆತನ ಸೇವೆಯಲ್ಲಿದ್ದ ಫ್ರೆಂಚ್ ಸೇನಾಧಿಕಾರಿಯೊಬ್ಬನು ಬರೆದಿದ್ದಾನೆ. ಎರಡು ಗ್ರಂಥಗಳೂ ಒಪ್ಪುವ ಅಂಶಗಳು ಇಷ್ಟು: ಮನೆತನವು ಉತ್ತರದಿಂದ ಗುಲ್ಬರ್ಗ ಪ್ರಾಂತ್ಯಕ್ಕೂ, ಅಲ್ಲಿಂದ ಕೋಲಾರಕ್ಕೂ ಬಂದಿತು, ತಂದೆಯ ಹೆಸರು ಫತೇ ಮಹಮ್ಮದ್, ಆತನು ಸೈನಿಕ ವೃತ್ತಿಯವನು.

ಬಾಲ್ಯ

ಫತೇ ಮಹಮ್ಮದನು ಸಾಮಾನ್ಯ ಸೈನಿಕನಾಗಿದ್ದು ನಾಯಕ ಪದವಿಗೆ ಏರಿ, ಬೂದಿಕೋಟೆಯನ್ನು ಜಹಗೀರಾಗಿ ಪಡೆದನು. ಶಿರಾ ಪ್ರಾಂತ್ಯದ ಅಧಿಕಾರಕ್ಕಾಗಿ ನಡೆದ ಕಾಳಗವೊಂದರಲ್ಲಿ ಆತನು ಮಡಿದಾಗ ಹಿರಿಯ ಮಗ ಶಹಬಾಜ್ ಮತ್ತು ಕಿರಿಯ ಮಗ ಹೈದರ್ ಇನ್ನೂ ಚಿಕ್ಕ ಬಾಲಕರು. ತಂದೆಯು ಬಾಕಿ ಉಳಿಸಿಕೊಂಡಿದ್ದನೆನ್ನಲಾದ ಹಣದ ವಸೂಲಿಗಾಗಿ ದೊಡ್ಡಬಳ್ಳಾಪುರದ ಅಬ್ಬಾಸ್ ಕುಲಿ ಖಾನನು ಈ ಇಬ್ಬರು ಮಕ್ಕಳನ್ನು ನಗಾರಿಯೊಳಗೆ ಕೂರಿಸಿ ಚಿತ್ರಹಿಂಸೆ ನೀಡಿದನೆಂದು ವಿಲ್ಕ್ಸ್ ದಾಖಲಿಸಿದ್ದಾನೆ. ಇದ್ದುದೆಲ್ಲವನ್ನೂ ಕಳೆದುಕೊಂಡ ತಾಯಿಯು ಮಕ್ಕಳೊಡನೆ ಬೆಂಗಳೂರಿನಲ್ಲಿದ್ದ ತನ್ನ ಸಹೋದರನ ಆಶ್ರಯಕ್ಕೆ ಬಂದಳು.

ಸೇನಾ ಸೇವೆ ಮತ್ತು ಅಧಿಕಾರ

ಮೊದಲು ಮೈಸೂರಿನ ಸೇನೆಯಲ್ಲಿ ಹುದ್ದೆ ಪಡೆದವನು ಅಣ್ಣ ಶಹಬಾಜ್. 1749 ರಲ್ಲಿ ನಡೆದ ದೇವನಹಳ್ಳಿ ಕೋಟೆಯ ಮುತ್ತಿಗೆಯಲ್ಲಿ ಹೈದರಾಲಿಯು ತೋರಿದ ಧೈರ್ಯವು ಮಂತ್ರಿ ನಂಜರಾಜಯ್ಯನ ಗಮನ ಸೆಳೆಯಿತು. 50 ಕುದುರೆ ಸವಾರರು ಮತ್ತು 200 ಕಾಲಾಳುಗಳ ಪಡೆಯನ್ನು ಆತನ ವಶಕ್ಕೆ ನೀಡಲಾಯಿತು. 1755 ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿ ನೇಮಕಗೊಂಡು, ಅಲ್ಲಿ ಫ್ರೆಂಚ್ ಕುಶಲಕರ್ಮಿಗಳ ನೆರವಿನಿಂದ ಶಸ್ತ್ರಾಗಾರವನ್ನು ಸ್ಥಾಪಿಸಿದನು.

1761 ರ ಹೊತ್ತಿಗೆ ಇಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನದಲ್ಲಿರುವಾಗಲೇ ಹೈದರಾಲಿಯು ಸಂಸ್ಥಾನದ ಸರ್ವಾಧಿಕಾರಿಯಾದನು. ಅದೇ ವರ್ಷ ದೊಡ್ಡಬಳ್ಳಾಪುರವು ಆತನ ವಶವಾಗಿ, ಅಬ್ಬಾಸ್ ಕುಲಿ ಖಾನನು ಅಲ್ಲಿಂದ ಪಲಾಯನ ಮಾಡಿದನು. 1763 ರಲ್ಲಿ ಗೆದ್ದ ಬಿದನೂರಿಗೆ ಹೈದರ್‌ನಗರವೆಂದು ಹೆಸರಿಟ್ಟನು. ಹೊಸನಗರ ತಾಲ್ಲೂಕಿನ ಈ ಊರು ಇಂದಿಗೂ ನಗರ ಎಂದೇ ಕರೆಯಲ್ಪಡುತ್ತದೆ. ಮೊದಲ ಆಂಗ್ಲೋ-ಮೈಸೂರು ಯುದ್ಧವು 1769 ರಲ್ಲಿ ಮದ್ರಾಸಿನ ಒಪ್ಪಂದದೊಡನೆ ಮುಕ್ತಾಯವಾಯಿತು. 1771 ರಲ್ಲಿ ಚಿನಕುರಳಿಯಲ್ಲಿ ಮರಾಠರಿಂದ ಭಾರಿ ಸೋಲನ್ನು ಅನುಭವಿಸಿದನು. ಎರಡನೆಯ ಯುದ್ಧದಲ್ಲಿ, 1780 ರ ಸೆಪ್ಟೆಂಬರ್ 10 ರಂದು, ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆಯನ್ನು ಸೋಲಿಸಿದನಾದರೂ, 1781 ರ ಜುಲೈ 1 ರಂದು ಪೋರ್ಟೊ ನೋವೊದಲ್ಲಿ ಸೋಲನ್ನು ಕಂಡನು.

ಹೈದರಾಲಿಗೆ ಓದು-ಬರಹ ಬರುತ್ತಿರಲಿಲ್ಲ. ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಸಹಿಯಾಗಿ ಬರೆಯುತ್ತಿದ್ದನೆಂದು ಹೇಳಲಾಗಿದೆ. ಆದರೆ ಕನ್ನಡ, ತೆಲುಗು, ತಮಿಳು, ಮರಾಠಿ ಹಾಗೂ ಹಿಂದೂಸ್ತಾನಿ ಭಾಷೆಗಳಲ್ಲಿ ಮಾತನಾಡಬಲ್ಲವನಾಗಿದ್ದನು. ಕಾಗದಪತ್ರಗಳನ್ನು ಓದಿಸಿ ಕೇಳಿ, ಉತ್ತರಗಳನ್ನು ಹೇಳಿ ಬರೆಸುತ್ತಿದ್ದನು. ಸಂಸ್ಥಾನದ ಲೆಕ್ಕಪತ್ರಗಳನ್ನು ನೆನಪಿನಲ್ಲಿಟ್ಟುಕೊಳ್ಳುತ್ತಿದ್ದ ಈತನು ತನ್ನ ಮನೆತನದ ಬಗ್ಗೆ ಸ್ವಹಸ್ತದಲ್ಲಿ ಏನನ್ನೂ ಬರೆದಿಡುವ ಸ್ಥಿತಿಯಲ್ಲಿರಲಿಲ್ಲ. ಬರೆಯುವ ಕೆಲಸವು ಇತರರ ಪಾಲಾಯಿತು.

ಮರಣ ಮತ್ತು ಸಂತತಿ

1782 ರ ಡಿಸೆಂಬರ್ 7 ರಂದು ಚಿತ್ತೂರಿನ ಸಮೀಪದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರಾಲಿಯು ನಿಧನ ಹೊಂದಿದನು. ಯುದ್ಧವು ನಡೆಯುತ್ತಿದ್ದುದರಿಂದ ಮರಣವಾರ್ತೆಯನ್ನು ಗುಪ್ತವಾಗಿಡಲಾಯಿತು. ಪಾರ್ಥಿವ ಶರೀರವನ್ನು ಮೊದಲು ಕೋಲಾರದಲ್ಲಿರುವ ತಂದೆಯ ಸಮಾಧಿ ಸ್ಥಳದಲ್ಲಿರಿಸಿ, ಅನಂತರ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅಲ್ಲಿನ ಗುಂಬಜ್‌ನಲ್ಲಿ ಹೈದರಾಲಿ, ಪತ್ನಿ ಫಕ್ರುನ್ನೀಸಾ ಮತ್ತು ಮಗ ಟಿಪ್ಪು ಸುಲ್ತಾನರ ಸಮಾಧಿಗಳಿವೆ. ಕೋಲಾರ ಪಟ್ಟಣದ ಮಖಬರಾವು ಈ ಮನೆತನದ ಹಿರಿಯರದ್ದಾಗಿದ್ದು, ಗ್ರಂಥಗಳು ಭಿನ್ನವಾಗಿ ಹೇಳುವ ವಂಶಕ್ಕೆ ಕಣ್ಣಿಗೆ ಕಾಣುವ ಆಧಾರವಾಗಿ ಉಳಿದಿದೆ.

1799 ರಲ್ಲಿ ಟಿಪ್ಪುವಿನ ಪತನಾನಂತರ ಕುಟುಂಬವನ್ನು ವೆಲ್ಲೂರಿಗೂ, 1806 ರ ವೆಲ್ಲೂರು ದಂಗೆಯ ಬಳಿಕ ಕಲ್ಕತ್ತಕ್ಕೂ ಕಳುಹಿಸಲಾಯಿತು. ಕಂಪನಿ ಸರ್ಕಾರವು ಅವರಿಗೆ ಪಿಂಚಣಿ ನಿಗದಿಪಡಿಸಿತು. ಪಿಂಚಣಿಯ ಹಣ ಪಾವತಿಸಬೇಕಾದಲ್ಲಿ ಯಾರಿಗೆ, ಯಾರ ಮಗನಿಗೆ ಎಂಬುದನ್ನು ಬರೆದಿಡಲೇಬೇಕು. ಆದುದರಿಂದ ಅಧಿಕಾರ ಕಳೆದುಕೊಂಡ ಮೊಮ್ಮಕ್ಕಳ ಹೆಸರುಗಳು ಸರ್ಕಾರಿ ಕಡತಗಳಲ್ಲಿ ಸ್ಪಷ್ಟವಾಗಿ ಉಳಿದವು. ಅಧಿಕಾರ ಗಳಿಸಿದವನ ತಾತ-ಮುತ್ತಾತಂದಿರ ಹೆಸರುಗಳು ಮಾತ್ರ ಗ್ರಂಥದಿಂದ ಗ್ರಂಥಕ್ಕೆ ಬದಲಾದವು.

ಅರ್ಜಿದಾರರ ಗಮನಕ್ಕೆ

1. ಪೂರ್ವಜರ ವಿವರಗಳನ್ನು ಹುಡುಕುವಾಗ ನಿಸ್ಸಂದೇಹವಾಗಿ ತಿಳಿದಿರುವ ಹೆಸರಿನಿಂದ ಆರಂಭಿಸಿ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗತಕ್ಕದ್ದು.

2. ಸೇನೆಯಲ್ಲಿದ್ದವರ ಬಗ್ಗೆ ಬಿಡುಗಡೆ ಪುಸ್ತಕ, ಪಿಂಚಣಿ ಆದೇಶ ಮುಂತಾದ ಹಣ ಪಾವತಿ ಮತ್ತು ಸೇವೆಯ ದಾಖಲೆಗಳನ್ನು ಮೊದಲು ಪರಿಶೀಲಿಸುವುದು ಸೂಕ್ತ. ಪಹಣಿ, ಮ್ಯುಟೇಷನ್ ಹಾಗೂ ಶಾಲಾ ದಾಖಲಾತಿ ವಹಿಗಳೂ ಸಹಾಯಕವಾಗುತ್ತವೆ.

3. ಚಿಕ್ಕಪ್ಪ, ದೊಡ್ಡಪ್ಪ, ತಾತ ಇವರಲ್ಲಿ ಒಂದೇ ಹೆಸರಿನವರಿದ್ದಲ್ಲಿ ಸಂಬಂಧವನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಹಕ್ಕುಬಾಧ್ಯತೆಯು ಇದರಿಂದಲೇ ಬದಲಾಗುತ್ತದೆ.

4. ತಂದೆ ಅಥವಾ ತಾತನ ಹೆಸರು ಖಚಿತವಾಗಿ ತಿಳಿಯದಿದ್ದಲ್ಲಿ ಊಹಿಸಿ ಬರೆಯಬಾರದು. ಸುಳ್ಳು ಪ್ರಮಾಣಪತ್ರ ಸಲ್ಲಿಸುವುದು ದಂಡನೀಯ ಅಪರಾಧವಾಗಿರುತ್ತದೆ.

5. ಮನೆಯ ಹಿರಿಯರು ಬದುಕಿರುವಾಗಲೇ ಅವರಿಂದ ಹೆಸರು, ಊರು ಮತ್ತು ಸಂಬಂಧಗಳನ್ನು ಕೇಳಿ, ದಿನಾಂಕ ಸಹಿತ ಬರೆದಿಟ್ಟುಕೊಳ್ಳುವಂತೆ ಸಾರ್ವಜನಿಕರನ್ನು ಕೋರಲಾಗಿದೆ.