ಫಿರಂಗಿಯಿಂದ ಚೆಂಡೆಸೆದ ಗಣಿತದ ಮೇಷ್ಟ್ರು

ಮಕ್ಕಳೇ, ನಿಮ್ಮ ಊರು ಅಂಬ್ಲಿಗೊಳವೇ ಇರಲಿ, ಶಿಕಾರಿಪುರ, ಸೊರಬದ ಇನ್ನಾವುದೇ ಹಳ್ಳಿಯಿರಲಿ, ಶಾಲೆ ಬಿಟ್ಟ ಮೇಲೆ ಕ್ರಿಕೆಟ್ ಆಡುತ್ತೀರಲ್ಲವೇ? ಬ್ಯಾಟು ಹಿಡಿಯಲು ಎಲ್ಲರೂ ಮುಂದೆ. ಬೌಲಿಂಗ್ ಮಾಡಿ ಮಾಡಿ ಕೈ ನೋಯಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ! ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ತೊಂದರೆಗೆ ಪರಿಹಾರ ಹುಡುಕಿದ ಗಣಿತಜ್ಞ ಚಾರ್ಲ್ಸ್ ಹೊವಾರ್ಡ್ ಹಿಂಟನ್. ಅವರ ಕಥೆ ಕೇಳಿ.

ಹಿಂಟನ್ ಹುಟ್ಟಿದ್ದು 1853ರಲ್ಲಿ, ಇಂಗ್ಲೆಂಡಿನಲ್ಲಿ. ತಂದೆ ವೈದ್ಯರು. ಆಕ್ಸ್‌ಫರ್ಡ್‌ನಲ್ಲಿ ಓದಿ ಅವರು ಶಾಲಾ ಶಿಕ್ಷಕರಾದರು. ಇಂದಿನ ಕಂಪ್ಯೂಟರುಗಳಿಗೆ ಆಧಾರವಾದ ತರ್ಕಗಣಿತವನ್ನು ಕೊಟ್ಟ ಜಾರ್ಜ್ ಬೂಲ್ ಅವರ ಮಗಳು ಮೇರಿ ಎಲೆನ್ ಅವರನ್ನು ಮದುವೆಯಾದರು.

ಹಿಂಟನ್‌ರ ತಲೆ ತುಂಬಾ ಒಂದೇ ಪ್ರಶ್ನೆ. ಗೆರೆಗೆ ಉದ್ದ ಮಾತ್ರ ಇದೆ. ಚೌಕಕ್ಕೆ ಉದ್ದ, ಅಗಲ ಇವೆ. ಪೆಟ್ಟಿಗೆಗೆ ಉದ್ದ, ಅಗಲ, ಎತ್ತರ ಮೂರೂ ಇವೆ. ಹಾಗಾದರೆ ನಾಲ್ಕನೆಯ ಆಯಾಮವೊಂದಿದ್ದರೆ? ಚೌಕಕ್ಕೆ 4 ಮೂಲೆ, ಘನಕ್ಕೆ 8 ಮೂಲೆ. ನಾಲ್ಕು ಆಯಾಮದ ಆಕೃತಿಗೆ 16 ಮೂಲೆಗಳಿರಬೇಕು. ಅದಕ್ಕೆ 1888ರಲ್ಲಿ ಅವರು ಟೆಸರಾಕ್ಟ್ ಎಂಬ ಹೆಸರು ಕೊಟ್ಟರು. ಗಣಿತದಲ್ಲಿ ಇಂದಿಗೂ ಅದೇ ಹೆಸರು.

ಇದರ ನಡುವೆ ಅವರ ಬದುಕು ಹಳಿ ತಪ್ಪಿತ್ತು. 1886ರಲ್ಲಿ ಕಾನೂನು ಮುರಿದುದಕ್ಕೆ ಶಿಕ್ಷೆಯಾಗಿ, ಕೆಲಸವೂ ಹೋಗಿತ್ತು. ಸಂಸಾರ ಕಟ್ಟಿಕೊಂಡು ಅವರು ಜಪಾನಿಗೆ ಹೋಗಿ ಮತ್ತೆ ಮೇಷ್ಟ್ರಾದರು. ಅಲ್ಲಿ ಬಿದಿರು ಬೇಕಾದಷ್ಟು. ಗಳುಗಳನ್ನು ಉದ್ದಕ್ಕೆ, ಅಡ್ಡಕ್ಕೆ, ನೆಟ್ಟಗೆ ಕಟ್ಟಿ ದೊಡ್ಡ ಚೌಕಟ್ಟು ಮಾಡಿದರು. ಮೂರು ಸಂಖ್ಯೆ ಕೂಗಿದರೆ ಸಾಕು, ಮಕ್ಕಳು ಆ ಗಳುಗಳು ಕೂಡುವ ಜಾಗಕ್ಕೆ ಹತ್ತಿ ಓಡಬೇಕು. ಮೂರು ಆಯಾಮಗಳ ಪಾಠ ಆಟದಲ್ಲೇ ಮುಗಿಯುತ್ತಿತ್ತು!

1893ರಲ್ಲಿ ಹಿಂಟನ್ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಗಣಿತ ಬೋಧಕರಾದರು. ಅಲ್ಲಿ ಬೇಸ್‌ಬಾಲ್ ಎಂದರೆ ಹುಚ್ಚು. ಈ ಆಟದಲ್ಲಿ ಚೆಂಡು ನೆಲಕ್ಕೆ ಪುಟಿಯದೆ ನೇರ ದಾಂಡಿಗನ ಬಳಿ ಬರುತ್ತದೆ. ಎಸೆಯುವವನು ಸುಮಾರು 18 ಮೀಟರ್ ದೂರದಲ್ಲಿರುತ್ತಾನೆ. ಅವನಿಗೆ ಪಿಚರ್ ಎನ್ನುತ್ತಾರೆ. ದಾಂಡಿಗರೆಲ್ಲ ಅಭ್ಯಾಸ ಮಾಡಬೇಕಾದರೆ ಪಿಚರ್‌ನ ತೋಳಿಗೆ ಬಿಡುವೇ ಇಲ್ಲ. ದಣಿಯದ ಪಿಚರ್ ಒಬ್ಬ ಬೇಕಿತ್ತು.

ಚೆಂಡು ವೇಗವಾಗಿಯೂ ಹೋಗಬೇಕು, ಗುರಿಯೂ ತಪ್ಪಬಾರದು. ಫಿರಂಗಿ ಮಾಡುವುದು ಅದನ್ನೇ ಅಲ್ಲವೇ? 1897ರಲ್ಲಿ ಹಿಂಟನ್ ಸಿಡಿಮದ್ದಿನಿಂದ ಚೆಂಡೆಸೆಯುವ ಯಂತ್ರ ತಯಾರಿಸಿದರು. ಅದರಲ್ಲಿ ಎರಡು ಜಾಣ್ಮೆಗಳಿದ್ದವು. ಮೊದಲನೆಯದು, ಮದ್ದು ಉರಿಯುವ ಕೋಣೆಯ ಗಾತ್ರ ಬದಲಿಸಬಹುದಿತ್ತು. ಕೋಣೆ ದೊಡ್ಡದಾದರೆ ಅನಿಲದ ಒತ್ತಡ ಕಡಿಮೆ, ಚೆಂಡು ನಿಧಾನ. ಚಿಕ್ಕದಾದರೆ ಒತ್ತಡ ಹೆಚ್ಚು, ಚೆಂಡು ಜೋರು. ಎರಡನೆಯದು, ಕೊಳವೆಯ ಬಾಯಲ್ಲಿ ರಬ್ಬರ್ ಹೊದಿಸಿದ ಎರಡು ಉಕ್ಕಿನ ಬೆರಳುಗಳು. ಹೊರಬರುವ ಚೆಂಡನ್ನು ಅವು ಉಜ್ಜಿ ಗಿರ್ರನೆ ತಿರುಗಿಸುತ್ತಿದ್ದವು. ತಿರುಗುವ ಚೆಂಡು ಗಾಳಿಯನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ, ಗಾಳಿ ಚೆಂಡನ್ನು ಇನ್ನೊಂದು ಪಕ್ಕಕ್ಕೆ ತಳ್ಳುತ್ತದೆ. ಆದ್ದರಿಂದ ಚೆಂಡಿನ ದಾರಿ ಬಾಗುತ್ತದೆ.

ಯಂತ್ರವೇನೋ ದಣಿಯಲಿಲ್ಲ. ಆದರೆ ಢಮ್ ಎಂದು ಸಿಡಿದು, ಹೊಗೆ ಕಾರುತ್ತ ಚೆಂಡು ಬಂದರೆ ನೀವಾದರೂ ನಿಲ್ಲುತ್ತೀರಾ? ಕೆಲವರಿಗೆ ಪೆಟ್ಟೂ ಆಯಿತು. ಹಿಂಟನ್ ಅದನ್ನು ಮಿನೆಸೋಟ ವಿಶ್ವವಿದ್ಯಾಲಯಕ್ಕೂ ಒಯ್ದರು. ಆದರೂ ಆ ಫಿರಂಗಿ ಬಳಕೆಯಲ್ಲಿ ಉಳಿಯಲಿಲ್ಲ. 1900ರಲ್ಲಿ ಅವರು ವಾಷಿಂಗ್ಟನ್ನಿಗೆ ಹೋಗಿ ನೌಕಾಪಡೆಯ ವೀಕ್ಷಣಾಲಯದಲ್ಲೂ, ಆಮೇಲೆ ಪೇಟೆಂಟ್ ಕಚೇರಿಯಲ್ಲೂ ದುಡಿದರು. 1907ರಲ್ಲಿ ತೀರಿಕೊಂಡರು.

ಆದರೆ ಅವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಿದಿರಿನ ಚೌಕಟ್ಟಿನಲ್ಲಿ ಆಡಿ ಬೆಳೆದ ಮಗ ಸೆಬಾಸ್ಟಿಯನ್ 1920ರಲ್ಲಿ ಅದನ್ನೇ ಕಬ್ಬಿಣದ ಕೊಳವೆಗಳಿಂದ ಮಾಡಿಸಿದರು. ಶಿಕಾಗೊ ಬಳಿಯ ವಿನೆಟ್ಕಾ ಊರಿನ ಶಾಲಾಮಕ್ಕಳು ಅದನ್ನು ಹತ್ತಿ ಕುಣಿದರು. ಅದೇ ಜಂಗಲ್ ಜಿಮ್! ಶಾಲೆಯ ಅಂಗಳದಲ್ಲೋ, ಪಟ್ಟಣದ ಉದ್ಯಾನದಲ್ಲೋ ಮಕ್ಕಳು ಹತ್ತಿ ಇಳಿಯುವ ಕಬ್ಬಿಣದ ಚೌಕಟ್ಟನ್ನು ನೀವೂ ನೋಡಿರಬಹುದು. ಫಿರಂಗಿಯ ಜಾಗಕ್ಕೆ ಈಗ ಮೋಟಾರು ಯಂತ್ರ ಬಂದಿದೆ. ತಿರುಗುವ ಎರಡು ಗಾಲಿಗಳ ನಡುವೆ ಚೆಂಡು ಸಿಕ್ಕಿ ಮುಂದೆ ಚಿಮ್ಮುತ್ತದೆ. ಒಂದು ಗಾಲಿ ಇನ್ನೊಂದಕ್ಕಿಂತ ವೇಗವಾಗಿ ತಿರುಗಿದರೆ ಚೆಂಡೂ ತಿರುಗುತ್ತದೆ. ಹಿಂಟನ್‌ರ ರಬ್ಬರ್ ಬೆರಳುಗಳ ಕೆಲಸವನ್ನು ಗಾಲಿಗಳು ಮಾಡುತ್ತವೆ. ಸಿಡಿಮದ್ದು ಮಾತ್ರ ಬೇಕಿಲ್ಲ.

ನೋಡಿದಿರಾ, ಉಕ್ಕಿನ ಫಿರಂಗಿ ಮೂಲೆ ಸೇರಿತು, ಬಿದಿರಿನ ಚೌಕಟ್ಟು ಊರೂರು ಸುತ್ತಿತು. ಗಟ್ಟಿಯಾಗಿದ್ದರಷ್ಟೇ ಸಾಲದು. ಬಳಸುವವರು ಹೆದರದೆ ಹತ್ತಿರ ಬರುವಂತಿದ್ದರೆ ಮಾತ್ರ ಸಾಧನ ಬಾಳುತ್ತದೆ.

ಮಾಡಿ ನೋಡಿ: ಹಳೆಯ ಕಾಲುಚೀಲದೊಳಗೆ ರಬ್ಬರ್ ಚೆಂಡು ಹಾಕಿ ಗಂಟು ಕಟ್ಟಿ. ಮರದ ಗಟ್ಟಿ ಕೊಂಬೆಗೆ ಹಗ್ಗದಿಂದ ಅದನ್ನು ನಿಮ್ಮ ಸೊಂಟದ ಎತ್ತರಕ್ಕೆ ತೂಗುಬಿಡಲು ದೊಡ್ಡವರಿಗೆ ಹೇಳಿ. ಸುತ್ತ ಯಾರೂ ಇಲ್ಲದಂತೆ ನೋಡಿಕೊಂಡು, ಬ್ಯಾಟಿನಿಂದ ಹೊಡೆದು ಅಭ್ಯಾಸ ಮಾಡಿ. ಒಂದು ವಾರವಾದ ಮೇಲೆ ಪರೀಕ್ಷಿಸಿ. ಮೊದಲು ಸವೆದದ್ದು ಚೀಲವೋ, ಗಂಟೋ, ಕೊಂಬೆಗೆ ಉಜ್ಜುವ ಹಗ್ಗವೋ? ಹಗ್ಗವಾದರೆ ಅಲ್ಲಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಎಷ್ಟು ದಿನ ಹೆಚ್ಚು ಬಾಳುತ್ತದೆ ಎಂದು ಬರೆದಿಡಿ.